ನಂಬಿಕೆ ಮತ್ತು ಪ್ರಮಾಣ: ಋತುಬಂಧಾನಂತರದ ಹಾರ್ಮೋನು ಚಿಕಿತ್ಸೆ ಹಾಗೂ ಹೃದಯರಕ್ತನಾಳಗಳ ಆರೋಗ್ಯ

ನಂಬಿಕೆಗಳನ್ನು ಕುರಿತ ಅಧ್ಯಯನವು ಸಾಮಾನ್ಯವಾಗಿ ಗ್ರಾಮಸಮುದಾಯಗಳ ಕಡೆಗೇ ಮುಖ ಮಾಡಿರುತ್ತದೆ. ಆದರೆ ಆಸ್ಪತ್ರೆ, ಪ್ರಯೋಗಾಲಯ ಹಾಗೂ ವಿದ್ವತ್ ಪತ್ರಿಕೆಗಳ ವಲಯದಲ್ಲಿಯೂ ನಂಬಿಕೆಗಳು ಹುಟ್ಟಿ ಬೆಳೆಯುತ್ತವೆ. ಋತುಬಂಧದ ನಂತರ ಈಸ್ಟ್ರೋಜನ್ ಸೇವಿಸಿದರೆ ಹೆಣ್ಣಿನ ಹೃದಯಕ್ಕೆ ರಕ್ಷಣೆ ದೊರೆಯುತ್ತದೆ ಎಂಬ ವಿಚಾರವು ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬೇರೂರಿದ ಬಗೆ ಹಾಗೂ ಪ್ರಯೋಗಗಳು ಅದನ್ನು ತಿದ್ದಿದ ಬಗೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಫ್ರೆಂಚ್ ವೈದ್ಯ ದ ಗಾರ್ದಾನ್ 1821ರಲ್ಲಿ ಬಳಕೆಗೆ ತಂದ 'ಮೆನೊಪಾಸ್' ಎಂಬ ಪದವು, ಕನ್ನಡದ 'ಮುಟ್ಟು ನಿಲ್ಲುವುದು' ಎಂಬ ಮಾತಿನಂತೆಯೇ, ನಿಲುಗಡೆಯನ್ನು ಸೂಚಿಸುತ್ತದೆಯೇ ಹೊರತು ರೋಗವನ್ನಲ್ಲ. ಇದಕ್ಕೆ 'ಕೊರತೆ'ಯ ಅರ್ಥ ಬಲವಾಗಿ ಅಂಟಿಕೊಂಡದ್ದು ಹಾರ್ಮೋನು ಔಷಧಗಳು ಬಂದ ಮೇಲೆ. ಗಬ್ಬದ ಕುದುರೆಗಳ ಮೂತ್ರದಿಂದ ತಯಾರಿಸಿದ 'ಪ್ರೆಮರಿನ್' ಗುಳಿಗೆಗೆ ಅಮೆರಿಕದಲ್ಲಿ 1942ರಲ್ಲಿ ಮಾನ್ಯತೆ ದೊರೆಯಿತು. 1966ರಲ್ಲಿ ಪ್ರಕಟವಾದ ರಾಬರ್ಟ್ ವಿಲ್ಸನ್ ಅವರ 'ಫೆಮಿನೈನ್ ಫಾರೆವರ್' ಕೃತಿಯು ಋತುಬಂಧವನ್ನು ಹಾರ್ಮೋನಿನ ಕೊರತೆಯಿಂದಾದ ರೋಗವೆಂದೇ ಸಾರಿತು. ಈ ಪುಸ್ತಕಕ್ಕೆ ಔಷಧ ತಯಾರಕರ ಹಣದ ನೆರವಿತ್ತೆಂದು ಲೇಖಕರ ಮಗ 2002ರಲ್ಲಿ ಪತ್ರಿಕೆಯೊಂದಕ್ಕೆ ತಿಳಿಸಿದ್ದು ಉಲ್ಲೇಖನೀಯ.

ಹೃದಯಕ್ಕೆ ಸಂಬಂಧಿಸಿದ ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. ನಡುವಯಸ್ಸಿನವರೆಗೆ ಸ್ತ್ರೀಯರಲ್ಲಿ ಹೃದಯಾಘಾತ ಪುರುಷರಿಗಿಂತ ವಿರಳ. ಎಳೆಯ ವಯಸ್ಸಿನಲ್ಲಿಯೇ ಎರಡೂ ಅಂಡಾಶಯಗಳನ್ನು ಕಳೆದುಕೊಂಡವರಲ್ಲಿ ಹೃದಯರೋಗ ಹೆಚ್ಚೆಂಬುದನ್ನು ಆಲಿವರ್ ಮತ್ತು ಬಾಯ್ಡ್ 1959ರಲ್ಲಿ ದಾಖಲಿಸಿದ್ದರು. ಈಸ್ಟ್ರೋಜನ್ ರಕ್ತದ ಕೊಲೆಸ್ಟರಾಲಿನ ಸ್ವರೂಪವನ್ನು ಸುಧಾರಿಸುತ್ತದೆ ಎಂಬುದೂ ತಿಳಿದಿತ್ತು. ಆದರೆ ಹೃದಯಾಘಾತಕ್ಕೊಳಗಾಗಿದ್ದ ಪುರುಷರಿಗೆ ಈಸ್ಟ್ರೋಜನ್ ನೀಡಿದ ಪ್ರಯೋಗವೊಂದನ್ನು 1970 ಮತ್ತು 1973ರಲ್ಲಿ ಹಂತಹಂತವಾಗಿ ನಿಲ್ಲಿಸಬೇಕಾಯಿತು. ಈ ಎಚ್ಚರಿಕೆ ಸ್ತ್ರೀಯರ ವಿಷಯದಲ್ಲಿ ಗಣನೆಗೆ ಬರಲಿಲ್ಲ.

1985ರಲ್ಲಿ ಒಂದೇ ವೈದ್ಯಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಪ್ರಕಟವಾದವು. ದಾದಿಯರನ್ನು ಕುರಿತ ಅಧ್ಯಯನವು ಹಾರ್ಮೋನಿನಿಂದ ಹೃದಯರೋಗ ಕಡಿಮೆಯೆಂದಿತು. ಫ್ರೇಮಿಂಗ್ಹ್ಯಾಮ್ ಅಧ್ಯಯನವು ಹೆಚ್ಚೆಂದಿತು. ಜನಮನ್ನಣೆ ಪಡೆದದ್ದು ಮೊದಲನೆಯದು. ಅದರ ಮುಂದುವರಿಕೆಯಾಗಿ 48,470 ಮಂದಿಯನ್ನು ಕುರಿತು 1991ರಲ್ಲಿ ಬಂದ ವರದಿಯು ಆ ನಂಬಿಕೆಯನ್ನು ಮತ್ತಷ್ಟು ಬಲಪಡಿಸಿತು. ಆದರೆ ಅಂದು ಸ್ವಇಚ್ಛೆಯಿಂದ ಹಾರ್ಮೋನು ಸೇವಿಸುತ್ತಿದ್ದವರು ಹೆಚ್ಚಾಗಿ ವಿದ್ಯಾವಂತರು, ಅನುಕೂಲಸ್ಥರು, ವೈದ್ಯರ ಸಂಪರ್ಕವುಳ್ಳವರು. ಔಷಧದ ಗುಣವಾವುದು, ಬದುಕಿನ ಅನುಕೂಲದ ಗುಣವಾವುದು ಎಂದು ಇಂತಹ ಅಧ್ಯಯನಗಳಿಂದ ಪೂರ್ಣವಾಗಿ ಬೇರ್ಪಡಿಸುವುದು ಕಷ್ಟ.

ಇದನ್ನು ಬೇರ್ಪಡಿಸಲು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪು ಮಾಡಿ, ಒಂದು ಗುಂಪಿಗೆ ಔಷಧವನ್ನೂ ಇನ್ನೊಂದಕ್ಕೆ ಹುಸಿಗುಳಿಗೆಯನ್ನೂ ಕೊಡುವ ಪ್ರಯೋಗ ಅಗತ್ಯವಾಗಿತ್ತು. ಆಗಲೇ ಹೃದಯರೋಗವಿದ್ದ 2,763 ಸ್ತ್ರೀಯರ ಮೇಲಿನ 'ಹರ್ಸ್' ಪ್ರಯೋಗವು 1998ರಲ್ಲಿ ಒಟ್ಟಾರೆ ಪ್ರಯೋಜನವಿಲ್ಲವೆಂದೂ, ಮೊದಲ ವರ್ಷದಲ್ಲಿ ಹೃದಯಾಘಾತಗಳು ಹೆಚ್ಚೆಂದೂ ತೋರಿಸಿತು. ಬರ್ನಡೀನ್ ಹೀಲಿ ಅವರ ನೇತೃತ್ವದಲ್ಲಿ 1991ರಲ್ಲಿ ರೂಪುಗೊಂಡ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಯೋಜನೆಯಲ್ಲಿ 16,608 ಸ್ತ್ರೀಯರು ಭಾಗವಹಿಸಿದ್ದ ಸಂಯುಕ್ತ ಹಾರ್ಮೋನು ಪ್ರಯೋಗವನ್ನು 2002ರ ಜುಲೈನಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. 10,000 ಮಂದಿಯಲ್ಲಿ ವರ್ಷಕ್ಕೆ ಹೃದಯರೋಗದ 7, ಪಾರ್ಶ್ವವಾಯುವಿನ 8, ಸ್ತನಕ್ಯಾನ್ಸರಿನ 8 ಪ್ರಕರಣಗಳು ಹೆಚ್ಚಾಗಿದ್ದವು. ಸೊಂಟದ ಮೂಳೆಮುರಿತ 5ರಷ್ಟು ಕಡಿಮೆಯಾಗಿತ್ತು. ಗರ್ಭಕೋಶವಿಲ್ಲದವರಿಗೆ ಈಸ್ಟ್ರೋಜನ್ ಮಾತ್ರ ನೀಡಿದ ಪ್ರಯೋಗವು 2004ರಲ್ಲಿ ನಿಂತಾಗ, ಹೃದಯಕ್ಕೆ ಒಟ್ಟಾರೆ ಲಾಭವೂ ಹಾನಿಯೂ ಕಾಣದೆ ಪಾರ್ಶ್ವವಾಯು ಮಾತ್ರ ಹೆಚ್ಚಿತ್ತು.

ಇದರಿಂದ 'ಹಾರ್ಮೋನು ಅಪಾಯ' ಎಂಬ ಮತ್ತೊಂದು ಸರಳ ನಂಬಿಕೆ ಹಬ್ಬಿತು. ಅದಕ್ಕೂ ತಿದ್ದುಪಡಿ ಬೇಕಾಯಿತು. 2002ರ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಅನೇಕರಿಗೆ ಮುಟ್ಟು ನಿಂತು ದಶಕ ಕಳೆದಿತ್ತು. ಋತುಬಂಧದ ಸಮೀಪದಲ್ಲಿ ಆರಂಭಿಸಿದವರಲ್ಲಿ ಹೃದಯಕ್ಕೆ ಆ ಹಾನಿ ಕಾಣಲಿಲ್ಲವೆಂದು 2007ರ ಮರುವಿಶ್ಲೇಷಣೆ ಸೂಚಿಸಿತು. ಪಾರ್ಶ್ವವಾಯುವಿನ ಅಪಾಯ ಮಾತ್ರ ಉಳಿಯಿತು. 643 ಸ್ತ್ರೀಯರ 'ಎಲೀಟ್' ಪ್ರಯೋಗವು 2016ರಲ್ಲಿ, ಮುಟ್ಟು ನಿಂತು ಆರು ವರ್ಷದೊಳಗೆ ಚಿಕಿತ್ಸೆ ಪಡೆದವರಲ್ಲಿ ಕತ್ತಿನ ರಕ್ತನಾಳದ ಭಿತ್ತಿ ದಪ್ಪವಾಗುವುದು ನಿಧಾನವಾಯಿತೆಂದೂ, ಹತ್ತು ವರ್ಷ ಕಳೆದವರಲ್ಲಿ ಹಾಗಾಗಲಿಲ್ಲವೆಂದೂ ತೋರಿಸಿತು. ಆರೋಗ್ಯವಂತ ರಕ್ತನಾಳಕ್ಕೂ ಆಗಲೇ ಕೊಬ್ಬು ಕಟ್ಟಿದ ರಕ್ತನಾಳಕ್ಕೂ ಹಾರ್ಮೋನಿನ ಪರಿಣಾಮ ಬೇರೆಯಿರಬಹುದೆಂಬ ವಾದ ಇದರಿಂದ ಬಲಗೊಂಡಿತು. ಆದರೂ ಕೇವಲ ದೀರ್ಘಕಾಲದ ರೋಗಗಳ ತಡೆಗಾಗಿ ಹಾರ್ಮೋನು ಬೇಡವೆಂದು ಅಮೆರಿಕದ ರೋಗನಿರೋಧಕ ಸೇವಾ ಕಾರ್ಯಪಡೆ 2022ರಲ್ಲಿ ಶಿಫಾರಸು ಮಾಡಿತು. ಬಿಸಿಯುಬ್ಬರ, ರಾತ್ರಿ ಬೆವರುವಿಕೆಗಳ ಶಮನಕ್ಕೆ ಈ ಚಿಕಿತ್ಸೆಯ ಉಪಯುಕ್ತತೆ ಬೇರೆಯೇ ವಿಷಯ. ಗುಳಿಗೆಗಳ ಮೇಲೆ 2003ರಿಂದ ಇದ್ದ ಹೃದಯರೋಗದ ವಿಶೇಷ ಎಚ್ಚರಿಕೆಯನ್ನು ತೆಗೆಸುವುದಾಗಿ ಅಮೆರಿಕದ ಔಷಧ ಆಡಳಿತ 2025ರ ನವೆಂಬರಿನಲ್ಲಿ ಪ್ರಕಟಿಸಿತು.

ಹೀಗೆ, 'ಒಳ್ಳೆಯದೋ ಕೆಟ್ಟದ್ದೋ' ಎಂಬ ಪ್ರಶ್ನೆಯು 'ಯಾರಿಗೆ, ಯಾವಾಗ, ಯಾತಕ್ಕಾಗಿ' ಎಂಬ ಪ್ರಶ್ನೆಯಾಗಿ ಪರಿವರ್ತನೆಗೊಳ್ಳಲು ಅರ್ಧ ಶತಮಾನ ಬೇಕಾಯಿತು. ಈ ಅವಧಿಯುದ್ದಕ್ಕೂ ನಂಬಿಕೆಯ ಬೆಲೆ ತೆತ್ತವರು ಗುಳಿಗೆ ನುಂಗಿದ ಸ್ತ್ರೀಯರು. ಅನಂತರ ಭಯದಿಂದ ಉಪಶಮನವನ್ನೇ ತೊರೆದವರೂ ಅವರೇ. ವೈದ್ಯಚರಿತ್ರೆಯನ್ನು ಬರೆಯುವವರು ಅಂಕಿ-ಅಂಶಗಳೊಡನೆ ಅವುಗಳ ಹಿಂದಿನ ಕಥನಗಳನ್ನೂ ಪರಿಶೀಲಿಸಬೇಕಾದ ಅಗತ್ಯವನ್ನು ಈ ಪ್ರಸಂಗವು ಸ್ಪಷ್ಟಪಡಿಸುತ್ತದೆ.