ಯೆಹೂದ್ಯನೆಂದರೆ ಯಾರು? : ಇಸ್ರೇಲಿನ ಸ್ಥಾಪಕರು ಉಳಿಸಿಹೋದ ಪ್ರಶ್ನೆ

ಆಧುನಿಕ ಇಸ್ರೇಲಿನ ಸ್ಥಾಪಕರಲ್ಲಿ ಹೆಚ್ಚಿನವರು ಆಚಾರನಿಷ್ಠರಾಗಿರಲಿಲ್ಲ. 1896ರಲ್ಲಿ 'ಯೆಹೂದ್ಯ ರಾಜ್ಯ' ಎಂಬ ಗ್ರಂಥವನ್ನು ಪ್ರಕಟಿಸಿದ ಥಿಯೋಡರ್ ಹರ್ಝಲ್ ವಿಯೆನ್ನಾದ ಪತ್ರಿಕೋದ್ಯೋಗಿ. ಪ್ರಥಮ ರಾಷ್ಟ್ರಾಧ್ಯಕ್ಷ ಖೈಮ್ ವೈಜ್‌ಮನ್ ರಸಾಯನಶಾಸ್ತ್ರಜ್ಞ. ಪ್ರಥಮ ಪ್ರಧಾನಿ ಡೇವಿಡ್ ಬೆನ್-ಗುರಿಯನ್ ಕಾರ್ಮಿಕ ಚಳವಳಿಯ ನಾಯಕ. ಯೆಹೂದ್ಯರು ಒಂದು ಮತದ ಅನುಯಾಯಿಗಳಷ್ಟೇ ಅಲ್ಲ, ಒಂದು ರಾಷ್ಟ್ರ ಎಂಬುದು ಇವರ ಸಿದ್ಧಾಂತ. ಆದರೆ ನಾನಾ ದೇಶಗಳಲ್ಲಿ ನಾನಾ ನುಡಿಗಳನ್ನಾಡುತ್ತ ಬಾಳಿದ ಆ ಜನರನ್ನು ಶತಮಾನಗಳ ಕಾಲ ಒಂದಾಗಿ ಹಿಡಿದಿಟ್ಟದ್ದು ಮತವೇ. ಅದನ್ನು ಬಿಟ್ಟು ರಾಷ್ಟ್ರವನ್ನು ನಿರೂಪಿಸುವುದು ಸ್ಥಾಪಕರಿಗೆ ಸಾಧ್ಯವಾಗಲಿಲ್ಲ. ಅದರ ಕೈಗೆ ರಾಷ್ಟ್ರವನ್ನು ಒಪ್ಪಿಸಿಬಿಡಲು ಅವರು ಸಿದ್ಧರೂ ಇರಲಿಲ್ಲ.

ಈ ಇಕ್ಕಟ್ಟಿನಲ್ಲಿ ಅವರು ಹಿಡಿದದ್ದು ರಾಜಿಯ ದಾರಿ. 1947ರ ಜೂನ್ 19ರಂದು ಬೆನ್-ಗುರಿಯನ್ ಮತ್ತು ಇಬ್ಬರು ಸಹೋದ್ಯೋಗಿಗಳು ಸಂಪ್ರದಾಯನಿಷ್ಠರ ಪಕ್ಷವಾದ ಅಗುದತ್ ಇಸ್ರೇಲ್‌ಗೆ ಪತ್ರ ಬರೆದು, ಶನಿವಾರದ ವಿಶ್ರಾಂತಿ, ಆಹಾರನಿಯಮ, ವಿವಾಹ, ಶಿಕ್ಷಣ ಈ ನಾಲ್ಕು ವಿಷಯಗಳಲ್ಲಿ ಭರವಸೆಯಿತ್ತರು. 1948ರ ಮೇ 14ರ ಸ್ವಾತಂತ್ರ್ಯ ಘೋಷಣೆಯಲ್ಲಿ 'ದೇವರು' ಎಂಬ ಪದದ ಬದಲಿಗೆ 'ಇಸ್ರೇಲಿನ ಬಂಡೆ' ಎಂದು ಬರೆಯಲಾಯಿತು. ಆಸ್ತಿಕನು ಅದರಲ್ಲಿ ದೇವರನ್ನು ಕಂಡನು; ನಾಸ್ತಿಕನು ಜನತೆಯ ಬಲವನ್ನು ಕಂಡನು.

1950ರ 'ಮರಳುವಿಕೆಯ ಕಾಯಿದೆ'ಯು ಪ್ರತಿಯೊಬ್ಬ ಯೆಹೂದ್ಯನಿಗೂ ಇಸ್ರೇಲಿಗೆ ಬಂದು ನೆಲಸುವ ಹಕ್ಕನ್ನು ನೀಡಿತು; ಯೆಹೂದ್ಯನಾರೆಂಬುದನ್ನು ಮಾತ್ರ ಹೇಳಲಿಲ್ಲ. 1948ರ ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಸುಮಾರು 7 ಲಕ್ಷ ಪ್ಯಾಲೆಸ್ಟೀನಿ ಅರಬರಲ್ಲಿ ಬಹುಪಾಲು ಜನರಿಗೆ ಹಿಂದಿರುಗುವ ಅವಕಾಶ ದೊರೆಯಲಿಲ್ಲವೆಂಬುದನ್ನು ನೆನೆದರೆ, ಈ ಒಂದು ಪದದ ಅರ್ಥವು ಎಷ್ಟು ದೊಡ್ಡ ಬಾಗಿಲಿನ ಕೀಲಿಯಾಗಿತ್ತೆಂಬುದು ತಿಳಿಯುತ್ತದೆ. 1958ರಲ್ಲಿ ಬೆನ್-ಗುರಿಯನ್ ಸುಮಾರು 50 ಮಂದಿ ಯೆಹೂದ್ಯ ವಿದ್ವಾಂಸರಿಗೆ ಪತ್ರ ಬರೆದು ಅವರ ಅಭಿಪ್ರಾಯ ಕೇಳಿದರು. ಬಹುಮತವು ಧರ್ಮಶಾಸ್ತ್ರದ ಪರವಾಗಿಯೇ ಬಂದಿತು.

ಇಷ್ಟರಲ್ಲಿ, 1953ರ ಕಾಯಿದೆಯಿಂದ, ಯೆಹೂದ್ಯರ ವಿವಾಹವು ರಬ್ಬಿಗಳ ನ್ಯಾಯಾಲಯದ ಅಧೀನವಾಗಿತ್ತು. ಅದರ ಪರಿಣಾಮವನ್ನು ಅನುಭವಿಸಿದವರಲ್ಲಿ ಕೊಂಕಣ ತೀರದಿಂದಲೂ ಮುಂಬಯಿಯಿಂದಲೂ ವಲಸೆಹೋದ ಮರಾಠಿ ನುಡಿಯ ಬೆನೆ ಇಸ್ರೇಲರೂ ಒಬ್ಬರು. ಇವರು ಇತರ ಯೆಹೂದ್ಯರೊಡನೆ ವಿವಾಹವಾಗುವಾಗ ಹಿಂದಿನ ತಲೆಮಾರುಗಳ ವಂಶಾವಳಿಯನ್ನು ಶೋಧಿಸಬೇಕೆಂದು ಮುಖ್ಯ ರಬ್ಬಿಗಳ ಮಂಡಲಿಯು 1962ರಲ್ಲಿ ಆದೇಶಿಸಿತು. ತಲೆತಲಾಂತರದಿಂದ ಶನಿವಾರವನ್ನು ಆಚರಿಸಿಕೊಂಡು ಬಂದವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಇವರು ಸರ್ವವಿಧದಲ್ಲಿಯೂ ಯೆಹೂದ್ಯರೇ ಎಂದು 1964ರಲ್ಲಿ ಸಂಸತ್ತು ಸಾರಿದ ಮೇಲೆ, ಮಂಡಲಿಯು ಆದೇಶದಿಂದ ಅವರ ಹೆಸರನ್ನು ತೆಗೆಯಿತು.

1970ರ ತಿದ್ದುಪಡಿಯು ಕೊನೆಗೂ ಒಂದು ವ್ಯಾಖ್ಯೆಯನ್ನಿತ್ತಿತು: ಯೆಹೂದ್ಯ ತಾಯಿಗೆ ಜನಿಸಿದವನು ಅಥವಾ ಮತಾಂತರಗೊಂಡವನು, ಅನ್ಯಮತಕ್ಕೆ ಸೇರಿರದವನು. ಆದರೆ ಬಂದು ನೆಲಸುವ ಹಕ್ಕನ್ನು ಯೆಹೂದ್ಯನ ಮಕ್ಕಳು ಮೊಮ್ಮಕ್ಕಳಿಗೂ ವಿಸ್ತರಿಸಿತು. ಹೀಗೆ ಒಬ್ಬನೇ ಮನುಷ್ಯನು ಗಡಿಯಲ್ಲಿ ಸ್ವಾಗತ ಪಡೆದು, ರಬ್ಬಿಯ ವಿವಾಹ ಕಚೇರಿಯಲ್ಲಿ ಹೊರಗುಳಿಯಬಹುದಾಯಿತು.

ವಾದವು ವಿಶ್ವವಿದ್ಯಾಲಯಗಳಿಗೂ ಹಬ್ಬಿತು. ಟೆಲ್ ಅವೀವ್ ವಿಶ್ವವಿದ್ಯಾಲಯದ ಶ್ಲೋಮೋ ಸ್ಯಾಂಡ್ 2008ರಲ್ಲಿ ಹೀಬ್ರೂ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರೋಮನರು ಇಡೀ ಜನಾಂಗವನ್ನು ಗಡೀಪಾರು ಮಾಡಲಿಲ್ಲ, ಯೆಹೂದ್ಯರ ಸಂಖ್ಯೆ ಬೆಳೆದದ್ದು ಬಹುಮಟ್ಟಿಗೆ ಮತಾಂತರದಿಂದ, ಏಕವಂಶದ ರಾಷ್ಟ್ರವೆಂಬುದು ಆಧುನಿಕ ಕಲ್ಪನೆ ಎಂದು ವಾದಿಸಿದರು. ಪ್ಯಾಲೆಸ್ಟೈನಿನ ಅರಬ್ ರೈತರು ಪ್ರಾಚೀನ ಯೆಹೂದ್ಯರ ಸಂತತಿಯೆಂದು ಬೆನ್-ಗುರಿಯನ್ನರೇ 1918ರಲ್ಲಿ ಬೆನ್-ಝ್ವಿಯವರೊಡನೆ ಬರೆದಿದ್ದುದನ್ನು ಅವರು ಎತ್ತಿತೋರಿಸಿದರು. ಮತಾಂತರದ ಸಂಗತಿಯನ್ನು ಹಿಂದಿನ ಇತಿಹಾಸಕಾರರು ಎಂದೂ ಮುಚ್ಚಿಟ್ಟಿರಲಿಲ್ಲವೆಂದು ಇಸ್ರೇಲ್ ಬಾರ್ತಲ್ ಪ್ರತ್ಯುತ್ತರವಿತ್ತರು.

ವಂಶಶುದ್ಧಿ ಸಿದ್ಧವಾದರೆ ಮಾತ್ರ ರಾಷ್ಟ್ರವುಂಟೆನ್ನುವುದೂ, ಸಿದ್ಧವಾಗದಿದ್ದರೆ ರಾಷ್ಟ್ರವೇ ಇಲ್ಲವೆನ್ನುವುದೂ ಇತಿಹಾಸದ ಮೇಲೆ ಸಲ್ಲದ ಭಾರವನ್ನು ಹೊರಿಸುವುದಾಗಿದೆ. ಪ್ರಾಚೀನರ ರಕ್ತ ಯಾವುದಾಗಿದ್ದರೂ, ಇಂದು ಅಲ್ಲಿ ಬಾಳುವ ಯೆಹೂದ್ಯರ ಮತ್ತು ಅರಬರ ಹಕ್ಕುಗಳು ವಂಶಾವಳಿಯಿಂದ ಇತ್ಯರ್ಥವಾಗಲಾರವು. ಸ್ಥಾಪಕರ ರಾಜಿಯು ಅಂದು ಒಡಕನ್ನು ತಪ್ಪಿಸಿತು. ಅದರ ಬೆಲೆಯನ್ನು ತೆತ್ತವರು ಆ ಪತ್ರಕ್ಕೆ ಸಹಿಹಾಕಿದವರಲ್ಲ.