ಹಲ್ಲಿನ ಬೇರಿಗೆ ಸುಣ್ಣ!

ನಮ್ಮ ಕೋಥರೂಡಿನ ಪೌಡ ರೋಡಿನಲ್ಲಾಗಲಿ, ಕರ್ವೆ ರೋಡಿನಲ್ಲಾಗಲಿ ತಲೆಯೆತ್ತಿ ನಡೆದರೆ ‘ದಾತಾಂಚಾ ದವಾಖಾನಾ’ ಎನ್ನುವ ಬೋರ್ಡು ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಳಗೆ ಹೋದವರಲ್ಲಿ ಅನೇಕರಿಗೆ ಸಿಗುವ ಉತ್ತರ ಒಂದೇ: “ರೂಟ್ ಕೆನಾಲ್ ಮಾಡಬೇಕು, ಎರಡು-ಮೂರು ಸಲ ಬರಬೇಕಾಗುತ್ತದೆ.” ಮೊದಲ ಸಲ ಕೊರೆದು, ತೊಳೆದು, ಒಳಗೆ ಏನೋ ಔಷಧಿ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿ ಕಳಿಸುತ್ತಾರೆ. ಈ ‘ಏನೋ ಔಷಧಿ’ಗೆ ದೊಡ್ಡ ಚರಿತ್ರೆಯೇ ಇದೆ!

ಮೊದಲು ಒಂದು ಪ್ರಶ್ನೆ. ಗುಳಿಗೆ ನುಂಗಿದರೆ ಸಾಲದೆ? ಸಾಲದು. ಹಲ್ಲಿನೊಳಗಿನ ನರ ಸತ್ತ ಮೇಲೆ ಅಲ್ಲಿ ರಕ್ತವೇ ಹರಿಯುವುದಿಲ್ಲ. ನುಂಗಿದ ಔಷಧಿ ಅಲ್ಲಿಗೆ ತಲುಪುವುದಾದರೂ ಹೇಗೆ? ಆದ್ದರಿಂದ ಔಷಧಿಯನ್ನು ಬೇರಿನೊಳಗೇ ಇಡಬೇಕು.

ಲವಂಗದೆಣ್ಣೆ ನಮಗೆಲ್ಲ ಗೊತ್ತಿದ್ದದ್ದೇ. ಅದು ನೋವನ್ನು ಮರೆಸುತ್ತದೆ, ಆದರೆ ರೋಗವನ್ನು ಕೀಳುವುದಿಲ್ಲ. 1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ಶುದ್ಧ ಮಾಡುವ ವಿಧಾನವನ್ನು ಪ್ರಕಟಿಸಿದ ಮೇಲೆ, ಹಲ್ಲಿನ ವೈದ್ಯರೂ ಅದೇ ಜಾತಿಯ ಔಷಧಿಗಳ ಬೆನ್ನು ಹತ್ತಿದರು. 1891ರಲ್ಲಿ ಜರ್ಮನಿಯ ವಾಲ್ಕಾಫ್ ಕ್ಲೋರೋಫೀನಾಲಿಗೆ ಕರ್ಪೂರ ಬೆರೆಸಿದ. 1904ರಲ್ಲಿ ಅಮೆರಿಕದ ಬಕ್ಲಿ ಫಾರ್ಮಲಿನ್ ಮತ್ತು ಕ್ರೆಸಾಲ್ ಕೂಡಿಸಿ ‘ಫಾರ್ಮೋಕ್ರೆಸಾಲ್’ ತಂದ. ಘಾಟು ಹೆಚ್ಚಿದ್ದಷ್ಟೂ ಗುಣ ಹೆಚ್ಚು ಎನ್ನುವ ಕಾಲವದು. ಆದರೆ ಕ್ರಿಮಿಯನ್ನು ಕೊಲ್ಲುವ ವಿಷ ಬೇರಿನ ತುದಿಯ ಜೀವಂತ ಮಾಂಸವನ್ನು ಬಿಟ್ಟೀತೆ?

ಅಷ್ಟರಲ್ಲಿ ಇನ್ನೊಂದು ಗಂಡಾಂತರ ಬಂತು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಬಾಯಿಯ ಕೀವೇ ದೇಹದ ಅನೇಕ ರೋಗಗಳ ಮೂಲ ಎಂದ. ಆಮೇಲೆ ಕೆಲವು ದಶಕ ಕೀಲುನೋವಿಗೂ ಹಲ್ಲು ಕೀಳುವುದೇ ಮದ್ದಾಯಿತು! ಉಳಿಸಬಹುದಾಗಿದ್ದ ಎಷ್ಟೋ ಹಲ್ಲುಗಳು ಹೀಗೆ ಹೋದವು.

1920ರಲ್ಲಿ ಜರ್ಮನಿಯ ಹರ್ಮನ್ ಎಂಬಾತ ತಂದದ್ದು ಏನು ಗೊತ್ತೆ? ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅಂದರೆ ಅರಳಿಸಿದ ಸುಣ್ಣ! ಅದರ ಕ್ಷಾರ ಎಷ್ಟು ತೀಕ್ಷ್ಣವೆಂದರೆ ಪಿಎಚ್ ಸುಮಾರು 12.5. ಹೆಚ್ಚಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಬದುಕುವುದಿಲ್ಲ. ಅದು ನಿಧಾನವಾಗಿ ಕರಗುವುದರಿಂದ ಕೆಲವು ವಾರ ಕೆಲಸ ಮಾಡುತ್ತದೆ. ಆದರೂ ಅದಕ್ಕೆ ಮಾನ್ಯತೆ ಸಿಗಲು ಅರ್ಧ ಶತಮಾನವೇ ಹಿಡಿಯಿತು. ನಡುವೆ 1951ರಲ್ಲಿ ಅಮೆರಿಕದ ಗ್ರಾಸ್‌ಮನ್ ಪೆನಿಸಿಲಿನ್ ಮುಂತಾದವನ್ನು ಕೂಡಿಸಿದ ಲೇಪವನ್ನು ಪ್ರಯೋಗಿಸಿದ. ಅದಕ್ಕೆ ಅಲರ್ಜಿಯ ಭಯ ಅಂಟಿಕೊಂಡಿತು.

ನಮ್ಮ ಮಣಿಪಾಲದಲ್ಲಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಅದೇ ವರ್ಷ ಅಮೆರಿಕದ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಮಾಮೂಲಿ ಇಲಿಯ ಹಲ್ಲನ್ನು ಕೊರೆದು ತೆರೆದಿಟ್ಟರೆ ಒಳಗಿನ ನರ ಕೊಳೆಯಿತು. ಕ್ರಿಮಿರಹಿತವಾಗಿ ಸಾಕಿದ ಇಲಿಯಲ್ಲಿ ಗಾಯ ತಾನೇ ಮಾಗಿತು! ಅಪರಾಧಿ ಯಾರೆಂದು ಸ್ಪಷ್ಟವಾಯಿತು. 1985ರಲ್ಲಿ ಸ್ವೀಡನ್ನಿನ ಬೈಸ್ಟ್ರೋಮ್ ಮತ್ತು ಸಂಗಡಿಗರು ಫೀನಾಲ್ ಔಷಧಿಗಳನ್ನೂ ಸುಣ್ಣವನ್ನೂ ಹೋಲಿಸಿ ನೋಡಿದರು. ಗೆದ್ದದ್ದು ಸುಣ್ಣ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದಿತು. ಫಾರ್ಮೋಕ್ರೆಸಾಲಿನ ಮೇಲಿದ್ದ ಅನುಮಾನ ಇನ್ನಷ್ಟು ಬಲವಾಯಿತು.

ಹಾಗೆಂದು ಸುಣ್ಣವೂ ರಾಮಬಾಣವಲ್ಲ. ಎಂಟೆರೊಕಾಕಸ್ ಫೀಕಾಲಿಸ್ ಎಂಬ ಗಟ್ಟಿ ಕ್ರಿಮಿ ಅದನ್ನೂ ತಡೆದುಕೊಂಡು ಬದುಕುತ್ತದೆ. ಆದ್ದರಿಂದ ಮುಖ್ಯ ಕೆಲಸ ಕೆರೆದು ತೊಳೆಯುವುದೇ. ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್, ಮೊದಲ ಮಹಾಯುದ್ಧದಲ್ಲಿ ಡಾಕಿನ್ ಸೈನಿಕರ ಗಾಯಕ್ಕೆ ಬಳಸಿದ ದ್ರಾವಣದ ಬಳಗದ್ದೇ. ಸುಣ್ಣವೇನಿದ್ದರೂ ಎರಡು ಭೇಟಿಗಳ ನಡುವಿನ ಕಾವಲುಗಾರ. ಇಂದು ಎಷ್ಟೋ ಹಲ್ಲುಗಳ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಕೀವು ತುಂಬಿದ ಹಲ್ಲಿಗೆ ಮಾತ್ರ ಈ ಕಾವಲು ಹೆಚ್ಚಾಗಿ ಬೇಕಾಗುತ್ತದೆ.

ಇಲ್ಲಿ ಮರಾಠಿಯಲ್ಲಿ ‘ಚುನಾ ಲಾವಲಾ’ ಅಂದರೆ ಟೋಪಿ ಹಾಕಿದ ಎಂದರ್ಥ. ಹಲ್ಲಿನ ಡಾಕ್ಟರು ಸುಣ್ಣ ಇಟ್ಟರೆ ಹಾಗೆ ತಿಳಿಯಬೇಡಿ :-) ಎಲೆ-ಅಡಿಕೆಯ ಡಬ್ಬಿಯ ಸುಣ್ಣವನ್ನು ಮನೆಯಲ್ಲೇ ಹಲ್ಲಿಗೆ ತುಂಬಲೂ ಹೋಗಬೇಡಿ, ಬಾಯಿ ಸುಟ್ಟೀತು.

ಮತ್ತೊಂದು ಮಾತು. ನೋವು ನಿಂತಿತೆಂದು ಎರಡನೆಯ ಭೇಟಿಯನ್ನು ತಪ್ಪಿಸುವವರು ಬಹಳ. ನೋವು ನಿಂತದ್ದು ನರ ಹೋದದ್ದರಿಂದ, ರೋಗ ಹೋದದ್ದರಿಂದ ಅಲ್ಲ. ಸುಣ್ಣದ ಶಕ್ತಿ ಕುಂದುತ್ತದೆ, ತಾತ್ಕಾಲಿಕ ಮುಚ್ಚಳ ಸೋರುತ್ತದೆ, ಕ್ರಿಮಿ ಮತ್ತೆ ಒಳಗೆ ಸೇರುತ್ತದೆ. ಕಾವಲುಗಾರನನ್ನು ನಿಲ್ಲಿಸಿ ಯಜಮಾನ ಬಾರದೇ ಹೋದರೆ ಮನೆ ಉಳಿದೀತೆ? ಏನಂತೀರಿ?