ಭೂಕಂಪ: ಮಣ್ಣು ತುಂಬಿದ ಕಣಿವೆಯಲ್ಲಿ ಕಂಪನ ಹೆಚ್ಚೇಕೆ?

2024ರ ಡಿಸೆಂಬರ್ 4ರಂದು ತೆಲಂಗಾಣದ ಮುಲುಗು ಜಿಲ್ಲೆಯಲ್ಲಿ 5.3 ತೀವ್ರತೆಯ ಭೂಕಂಪ ಸಂಭವಿಸಿದಾಗ ಹೈದರಾಬಾದ್‌ನಲ್ಲೂ ಕಂಪನದ ಅನುಭವವಾಗಿತ್ತು. ಲಿಂಗಂಪಲ್ಲಿ ಸೇರಿದಂತೆ ನಗರದ ಬಹುಭಾಗದ ಅಡಿಯಲ್ಲಿರುವುದು ಗಟ್ಟಿ ಗ್ರಾನೈಟ್ ಬಂಡೆ. ಆದರೆ ಕೆರೆಯಂಗಳ, ತಗ್ಗು ಪ್ರದೇಶಗಳ ಮಾತು ಬೇರೆ.

ಬಂಡೆಯಲ್ಲಿ ವೇಗವಾಗಿ ಸಾಗುವ ಅಲೆಗಳು ಸಡಿಲ ಮಣ್ಣಿಗೆ ಬಂದಾಗ ನಿಧಾನವಾಗುತ್ತವೆ, ಕಂಪನ ಹಿಗ್ಗುತ್ತದೆ. ಕಣಿವೆಯಾದರೆ ಸುತ್ತಲಿನ ಬಂಡೆಗಳ ನಡುವೆ ಅಲೆಗಳು ಸಿಲುಕಿ ಅತ್ತಿಂದಿತ್ತ ಪ್ರತಿಫಲಿಸುವುದರಿಂದ ನಡುಕ ಹೆಚ್ಚು ಹೊತ್ತು ಇರುತ್ತದೆ. ಮಣ್ಣು ಮತ್ತು ಕಟ್ಟಡ ಒಂದೇ ಲಯದಲ್ಲಿ ತೂಗಿದರೆ ಹಾನಿ ಇನ್ನೂ ಹೆಚ್ಚು.

1985ರಲ್ಲಿ ಮೆಕ್ಸಿಕೊ ಸಿಟಿಯ ಹಳೆಯ ಸರೋವರದ ಜೇಡಿಮಣ್ಣಿನ ಮೇಲೆ ಆಗಿದ್ದು ಇದೇ. 2001ರ ಭುಜ್ ಭೂಕಂಪದಲ್ಲೂ 200 ಕಿ.ಮೀ.ಗಿಂತ ದೂರದ ಅಹಮದಾಬಾದ್‌ನ ಮೆಕ್ಕಲು ಮಣ್ಣಿನ ಮೇಲಿದ್ದ ಬಹುಮಹಡಿ ಕಟ್ಟಡಗಳು ಕುಸಿದಿದ್ದವು.

ಹೀಗಾಗಿ ಮಣ್ಣು ತುಂಬಿಸಿದ ಜಾಗದಲ್ಲಿ ಮನೆ ಕಟ್ಟುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವುದು ಅಗತ್ಯ.